ಬಿಲ್ಲೆಯ ಅಳತೆ

ಘಟಕ್ಕೆ ಮಣ್ಣು ಉಪಾದಾನಕಾರಣ, ಕುಂಬಾರನು ನಿಮಿತ್ತಕಾರಣ ಎಂದು ತರ್ಕಶಾಸ್ತ್ರವು ಹೇಳುತ್ತದೆ. ಆದರೆ ತಿಗರಿ ತಿರುಗುವ ಮೊದಲೇ ಘಟದ ಆಕಾರವು ಅವನ ಮನಸ್ಸಿನಲ್ಲಿ ನಿಂತಿರಬೇಕಷ್ಟೆ. ವಳಕಮದಿನ್ನಿಯ ಬಡಿಗನೊಬ್ಬನ ಮಗನಿಗೆ ಇದು ಅನುಭವದಿಂದ ತಿಳಿಯಿತು.

ತೊಗರಿ ಬಿತ್ತುವ ಯಂತ್ರದಲ್ಲಿ ಕಾಳನ್ನು ಒಂದೊಂದಾಗಿ ಬಿಡುವ ಬಿಲ್ಲೆಯು ಸವೆದುಹೋಗಿತ್ತು. ನೆಲದ ಹದ ಆರುವುದರೊಳಗೆ ಹೊಸದು ಬೇಕಾಗಿತ್ತು. ಅಮೆರಿಕದ ಚಾರ್ಲ್ಸ್ ಹಲ್ ಎಂಬವನು ದ್ರವವನ್ನು ಬೆಳಕಿನಿಂದ ಪದರಪದರವಾಗಿ ಗಟ್ಟಿಗೊಳಿಸಿ ವಸ್ತುಗಳನ್ನು ನಿರ್ಮಿಸುವ ವಿಧಾನಕ್ಕೆ 1986ರಲ್ಲಿ ಹಕ್ಕುಪತ್ರ ಪಡೆದನು. ಪದರಗಳಿಂದ ವಸ್ತುವನ್ನು ಕಟ್ಟುವ ಯಂತ್ರಗಳು ಈಗ ಹಲವು ಬಗೆಯಾಗಿವೆ. ಅಂಥದೊಂದು ಯಂತ್ರವೇನೋ ಹುಡುಗನಿಗೆ ದೊರಕಿತು. ಆದರೆ ಅದು ಕೇಳುವುದು ಬಿಲ್ಲೆಯನ್ನಲ್ಲ, ಕಂಪ್ಯೂಟರಿನಲ್ಲಿ ಬರೆದ ಮೂರು ಆಯಾಮಗಳ ಕ್ಯಾಡ್ ಚಿತ್ರವನ್ನು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆಯೊಂದು ಲಿಂಗಸುಗೂರಿನಲ್ಲಿರುವುದು. ಆ ಊರಿನಲ್ಲಿ ಹುಡುಕಲಾಗಿ, ಈ ವಿದ್ಯೆಯನ್ನರಿತ ತರುಣನೊಬ್ಬನು ಕೊಟ್ಟ ಅಳತೆಗೆ ಸರಿಯಾಗಿ ಚಿತ್ರ ಬರೆದುಕೊಟ್ಟನು.

ಬಿಲ್ಲೆ ಸಿದ್ಧವಾಯಿತು. ಆದರೆ ರಂಧ್ರಕ್ಕೆ ಎರಡೆರಡು ಕಾಳು ಬಿದ್ದವು. ಇನ್ನು ತನ್ನ ಉಳಿಗೆ ಕೆಲಸವಿಲ್ಲವೆಂದು ಮೌನವಾಗಿದ್ದ ತಂದೆಯು ಹಳೆಯ ಬಿಲ್ಲೆಯನ್ನು ಬೆರಳಿನಿಂದ ಸವರಿ, “ತಮ್ಮಾ, ನೀ ಬಿಲ್ಲಿ ಅಳದಿಲ್ಲ, ಸವಕಳಿ ಅಳದೀದಿ. ಮೊದಲು ಕಾಳು ಅಳಿ” ಎಂದನು.

ಇಬ್ಬರೂ ಹಿಡಿ ತೊಗರಿಯನ್ನು ಹರಡಿಕೊಂಡು ಸಣ್ಣ ಕಾಳು, ದಪ್ಪ ಕಾಳುಗಳನ್ನು ಅಳೆದರು. ತರುಣನು ಚಿತ್ರವನ್ನು ತಿದ್ದಿದನು. ಎರಡನೆಯ ಬಿಲ್ಲೆಯು ಒಂದೊಂದೇ ಕಾಳನ್ನು ಬಿಟ್ಟಿತು. ರೇಖೆಯನ್ನು ಬಲ್ಲವನೊಬ್ಬ, ಕಾಳನ್ನು ಬಲ್ಲವನೊಬ್ಬ. ಇಬ್ಬರೂ ಕೂಡಿದಲ್ಲಿ ವಸ್ತು ಹುಟ್ಟಿತು. ಮುಂದೊಮ್ಮೆ ಇಂಥದೇ ಕೆಲಸಕ್ಕೆ ಲಿಂಗಸುಗೂರಿಗೆ ಹೊರಟಾಗ ಮಗನು ತಂದೆಯನ್ನೂ ಜೊತೆಗೆ ಕರೆದುಕೊಂಡು ಹೋದನು.