ದಾಲ್ ಮಿಲ್ಲಿನ ದಿನಚರಿ

30 ಡಿಸೆಂಬರ್ 2024, ಸೋಮವಾರ

ಎಳ್ಳಮಾವಾಸ್ಯೆ. ಮಿಲ್ಲಿಗೆ ರಜೆ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ಕಡುಬು ಉಂಡು ಬಂದೆವು. ಮೇಲಿನ ಹೊಲದ ತೊಗರಿ ಒಣಗಿ ಕೊಯ್ಲಿಗೆ ನಿಂತಿದೆ. ಒಂದು ಒಣಕಾಯಿ ಬಿಡಿಸಿ ಕಾಳಿನ ಸಿಪ್ಪೆ ಕೀಳಲು ನೋಡಿದೆ, ಉಗುರಿಗೆ ಬರಲಿಲ್ಲ. ಕಡಲೆಯ ಸಿಪ್ಪೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ತೊಗರಿಯಲ್ಲಿ ಸಿಪ್ಪೆಗೂ ಬೇಳೆಗೂ ನಡುವೆ ಅಂಟಿನ ಪದರವೊಂದು ಬಿಗಿಯಾಗಿ ಕೂತಿರುತ್ತದೆ. ಕಲಬುರಗಿಯಲ್ಲಿ ಇಷ್ಟೊಂದು ದಾಲ್ ಮಿಲ್‌ಗಳು ದುಡಿಯುವುದೆಲ್ಲ ಆ ಅಂಟನ್ನು ಬಿಡಿಸುವುದಕ್ಕೇ.

9 ಜನವರಿ 2025, ಗುರುವಾರ

ಧಾನ್ಯದ ಪೇಟೆ ಗಂಜ್‌ಗೆ ಹೊಸ ಮಾಲು ಬರಲು ಶುರುವಾಗಿದೆ. ಈ ಸಲದ ಬೆಂಬಲ ಬೆಲೆ ಕ್ವಿಂಟಾಲಿಗೆ 7,550 ರೂಪಾಯಿ. ಮಿಲ್ಲು ನೋಡಿಕೊಳ್ಳುವ ಕಾಕಾ ಚೀಲಕ್ಕೆ ಬಂಬು ಚುಚ್ಚಿ ಕಾಳು ತೆಗೆದು, ಹಲ್ಲಲ್ಲಿ ಕಡಿದು ಹಸಿ ಎಷ್ಟು, ಒಣ ಎಷ್ಟು ಎಂದು ಹೇಳುತ್ತಾರೆ. ಹೊಸ ಕಾಳು ಇನ್ನೂ ಸ್ವಲ್ಪ ಹಸಿ ಇದೆ.

ಮಿಲ್ಲಿನ ಕೆಲಸ ಇನ್ನು ಬೇಸಿಗೆ ಮುಗಿಯುವವರೆಗೆ ಬಿಡುವಿಲ್ಲದ್ದು. ಮೊದಲು ಜರಡಿ, ಕಲ್ಲು ತೆಗೆಯುವ ಯಂತ್ರ. ಆಮೇಲೆ ಎಮರಿ ರೋಲರ್: ಅದರಲ್ಲಿ ಕಾಳಿನ ಮೈ ಗೀರಿಸಿಕೊಳ್ಳುತ್ತದೆ. ಗೀರಿದ ಕಾಳಿಗೆ ಎಣ್ಣೆ ಸವರಿ ರಾತ್ರಿಯೆಲ್ಲ ರಾಶಿ ಹಾಕಿದರೆ ಎಣ್ಣೆ ಗೀರಿನೊಳಗೆ ಇಳಿದು ಅಂಟನ್ನು ಸಡಿಲಿಸುತ್ತದೆ. ಮರುದಿನ ಅಂಗಳದಲ್ಲಿ ಹರವಿ ಬಿಸಿಲು, ಸಂಜೆ ನೀರು ಚಿಮುಕಿಸಿ ಮತ್ತೆ ರಾಶಿ, ಮತ್ತೆ ರೋಲರ್. ಸಿಪ್ಪೆ ಬಿಟ್ಟೂ ಒಡೆಯದ ಕಾಳು ಗೋಟಾ. ಒಡೆದದ್ದು ಬೇಳೆ. ಪುಡಿ, ಸಿಪ್ಪೆ, ಚೂರು ಎಲ್ಲ ಸೇರಿ ಚುನ್ನಿಯಾಗಿ ದನದ ಕೊಟ್ಟಿಗೆಗೆ ಹೋಗುತ್ತದೆ.

ನೂರು ಕಿಲೋ ತೊಗರಿಯಲ್ಲಿ ಹತ್ತಿರ ಹತ್ತಿರ 85 ಕಿಲೋ ಬೇಳೆಯೇ ಇರುತ್ತದೆ. ಹಳೆಯ ಪದ್ಧತಿಯ ಮಿಲ್‌ಗಳಲ್ಲಿ ಕೈಗೆ ಸಿಗುವುದು 70ರಿಂದ 75. ರೈತ ಬೆಳೆದ ಬೇಳೆಯಲ್ಲಿ ಹತ್ತರಿಂದ ಹದಿನೈದು ಕಿಲೋದಷ್ಟು ನಮ್ಮ ರೋಲರ್‌ಗಳಲ್ಲೇ ಪುಡಿಯಾಗುತ್ತದೆ ಎಂದರೆ ಅದು ಸಣ್ಣ ಮಾತಲ್ಲ.

18 ಜನವರಿ, ಶನಿವಾರ

ಇಡೀ ಮಧ್ಯಾಹ್ನ ಪಾಲಿಶ್ ಯಂತ್ರದ ಮುಂದೆ ನಿಂತಿದ್ದೆ. ಒಂದರ ಮೇಲೊಂದು ಉದ್ದನೆಯ ತೊಟ್ಟಿಗಳು. ಒಳಗೆ ತಿರುಗುವ ಸ್ಕ್ರೂಗಳ ಅಲಗಿಗೆ ನೈಲಾನ್ ಹಗ್ಗ ಸುತ್ತಿದ್ದಾರೆ. ಒಂದು ತುದಿಯಲ್ಲಿ ಬಿದ್ದ ಬೇಳೆ ಹಗ್ಗಕ್ಕೆ ತಿಕ್ಕಿಕೊಳ್ಳುತ್ತ, ಬೇಳೆಗೆ ಬೇಳೆ ಉಜ್ಜಿಕೊಳ್ಳುತ್ತ ಇನ್ನೊಂದು ತುದಿಗೆ ಹೋಗಿ ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ಕೊನೆಯ ತೊಟ್ಟಿಯಿಂದ ಹೊರಬರುವಾಗ ಅಂಚಿನ ಚೂಪು ಸವೆದು ದುಂಡಗಾಗಿರುತ್ತದೆ, ಮುಟ್ಟಿದರೆ ಬೆಚ್ಚಗಿರುತ್ತದೆ. ತಳದ ತೂತಿನ ತಗಡಿನಿಂದ ಹಳದಿ ಹಿಟ್ಟು ಸದಾ ಉದುರುತ್ತಲೇ ಇರುತ್ತದೆ. ಯಂತ್ರ ನಡೆಸುವ ಮಿಸ್ತ್ರಿಯ ಹುಬ್ಬು, ಮೀಸೆ ಸಂಜೆಯ ಹೊತ್ತಿಗೆ ಹಳದಿಯಾಗಿದ್ದವು.

ಮೇಲಿನ ತೊಟ್ಟಿಯ ನೆತ್ತಿಗೆ ಎರಡು ಡಬ್ಬಿ ಕಟ್ಟಿದೆ: ಒಂದರಲ್ಲಿ ನೀರು, ಇನ್ನೊಂದರಲ್ಲಿ ಎಣ್ಣೆ. ಎರಡಕ್ಕೂ ಸಣ್ಣ ನಳ. ಹನಿ ಎಷ್ಟು ಬೀಳಬೇಕೆಂಬುದು ಮಿಸ್ತ್ರಿಯ ಬೆರಳಿಗೆ ಗೊತ್ತು. ಇವತ್ತು ಸ್ವಲ್ಪ ಹೊತ್ತು ಎರಡೂ ನಳ ಮುಚ್ಚಿ ಬೇಳೆ ಬಿಡಲು ಹೇಳಿದೆ. ಹಿಟ್ಟು ಉದುರಿ ಶುಭ್ರವಾಗಿ ಬಂತು, ಆದರೆ ಮಂಕು ಹಳದಿ. ನಳ ಬಿಟ್ಟೊಡನೆ ಬೇಳೆಯ ಮೇಲೆ ಬೆಳಕು ಕೂತಿತು.

ಮಿಸ್ತ್ರಿ ಅಂದದ್ದು: "ಅಕ್ಕಾರ, ಬ್ಯಾಳಿ ಮೈಮ್ಯಾಲಿನ ಹಿಟ್ಟು ಹೋಗಬೇಕಂದ್ರ ತಿಕ್ಕಬೇಕು. ತಿಕ್ಕೂದ್ರಾಗ ತಪ್ಪಿಲ್ಲ. ಮ್ಯಾಲ ನಳ ಬಿಡ್ತೀವಲ್ಲ, ಎಲ್ಲಾ ಅಲ್ಲೇ ಅದ."

ಈ ಮಾತನ್ನು ಬರೆದಿಟ್ಟುಕೊಳ್ಳಬೇಕೆನಿಸಿತು. ಹಿಟ್ಟು ಹಾಗೇ ಉಳಿದ ಬೇಳೆ ಬೇಗ ಹುಳ ಹಿಡಿಯುತ್ತದೆ, ಜಿಗುಟು ಕಟ್ಟುತ್ತದೆ. ಅದನ್ನು ತೆಗೆಯುವುದು ಮಿಲ್ಲಿನವರ ಧರ್ಮ. ಅದರಾಚೆಗೆ ನಡೆಯುವುದೆಲ್ಲ ಬೇರೆ ಲೆಕ್ಕ.

27 ಜನವರಿ, ಸೋಮವಾರ

ಬೆಂಗಳೂರಿನ ವ್ಯಾಪಾರಿಗೆ ಎರಡು ಸ್ಯಾಂಪಲ್ ಕಳಿಸಿದ್ದೆವು: ಒಂದು ಒಣ ಪಾಲಿಶ್, ಇನ್ನೊಂದು ನೀರು-ಎಣ್ಣೆಯದು. ಹೊಳೆಯುವುದನ್ನೇ ಕೇಳಿದರು. ಒಣದ್ದು ಹಳೆ ಮಾಲಿನ ಹಾಗೆ ಕಾಣುತ್ತದಂತೆ. ಎರಡೂ ಒಂದೇ ರಾಶಿಯ ಕಾಳು, ಒಂದೇ ದಿನ ಒಡೆದದ್ದು.

ಕಾಕಾ ಫೋನ್ ಇಟ್ಟು, "ಗಿರಾಕಿ ಮೊದಲು ಕಣ್ಣಲೇ ತಿಂತಾನವ್ವ. ಬಾಯಿಗೆ ಹೋಗೂದು ಆಮ್ಯಾಲ" ಅಂದರು. ನಲವತ್ತು ವರ್ಷಕ್ಕೂ ಮಿಕ್ಕಿ ಈ ಧಂದೆ ಮಾಡಿದವರು. ಅವರ ಮಾತನ್ನು ತಳ್ಳಿಹಾಕಲಾಗದು. ಆದರೆ ಕೇಳಿದೆ: "ಕಾಕಾ, ನೀರು ಹಾಕೂದು ಹೊಳಪಿಗೋ, ತೂಕಕ್ಕೋ?" ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡಕ್ಕೂ" ಅಂದರು.

ತೊಗರಿ ಬೇಳೆಯಲ್ಲಿ ತೇವಾಂಶ ನೂರಕ್ಕೆ 14 ಮೀರಬಾರದೆಂದು ಆಹಾರ ಸುರಕ್ಷತೆಯ ನಿಯಮ ಹೇಳುತ್ತದೆ. ಕಲಬುರಗಿಯ ಬಿಸಿಲಲ್ಲಿ ಒಣಗಿದ ಬೇಳೆ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಆ ನಡುವಿನ ಜಾಗದಲ್ಲೇ ಆಸೆ ಹುಟ್ಟುವುದು. ನಿಯಮ ಮೀರದೆಯೂ ಬೇಳೆಯ ಭಾವದಲ್ಲಿ ನೀರು ಮಾರಬಹುದು.

3 ಫೆಬ್ರವರಿ, ಸೋಮವಾರ

ಗಂಜ್‌ನಲ್ಲಿ ಇವತ್ತು ಬರ್ಮಾದ ಲೆಮನ್ ತೊಗರಿಯದೇ ಮಾತು. ಆಫ್ರಿಕಾದ ಮೊಜಾಂಬಿಕ್, ಮಲಾವಿ, ತಾಂಜಾನಿಯಾಗಳಿಂದಲೂ ಮಾಲು ಬರುತ್ತದೆ. ದೇಶ ಉಣ್ಣುವಷ್ಟು ತೊಗರಿ ದೇಶದಲ್ಲಿ ಬೆಳೆಯದಿದ್ದಾಗ ತರಿಸಲೇಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಬೆರೆಸುವುದರಲ್ಲಿ. ಬಣ್ಣ, ಗಾತ್ರ, ಬೇಯುವ ಹೊತ್ತು ಎಲ್ಲ ಬೇರೆ ಬೇರೆಯಿರುವ ಮಾಲನ್ನು ಬೆರೆಸಿ ಒಡೆದರೆ ಬರಿಗಣ್ಣಿಗೇ ತಿಳಿಯುತ್ತದೆ. ಎಣ್ಣೆ ಹಚ್ಚಿ ತಿಕ್ಕಿದ ಮೇಲೆ ಎಲ್ಲವೂ ಒಂದೇ ಬಣ್ಣ. ಹೋದ ವರ್ಷದ ಮಾಸಿದ ಬೇಳೆಯೂ ಈ ವರ್ಷದ್ದಾಗುತ್ತದೆ.

2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಇಲ್ಲಿನ ಕಪ್ಪು ಮಣ್ಣು, ಸೇಡಂ, ಚಿತ್ತಾಪುರದ ಕಡೆಯ ಸುಣ್ಣಕಲ್ಲಿನ ನೆಲ, ಮಳೆ ನೆಚ್ಚಿದ ಬೇಸಾಯ, ಇವೆಲ್ಲ ಸೇರಿ ಬಂದ ರುಚಿ ನಮ್ಮದು ಎಂದು ನಾವೇ ಹೇಳಿಕೊಳ್ಳುತ್ತೇವೆ. ಊರಿನ ಗುರುತನ್ನು ಕಾಗದದ ಮೇಲೆ ಪಡೆದು, ಆ ಗುರುತು ಕಾಣದಂತೆ ಬೇಳೆಗೆ ಎಣ್ಣೆ ಬಳಿದರೆ ಜಿಐ ಯಾರಿಗಾಗಿ?

12 ಫೆಬ್ರವರಿ, ಬುಧವಾರ

ಅವ್ವ ವರ್ಷದ ಬೇಳೆಗೆ ಹರಳೆಣ್ಣೆ ಸವರುತ್ತಿದ್ದಳು. ಅಂಗೈಗೆ ತುಸು ಎಣ್ಣೆ ಹಚ್ಚಿಕೊಂಡು ಬೇಳೆಯನ್ನು ಮೇಲೆ ಕೆಳಗೆ ಮಾಡುವುದು, ಆಮೇಲೆ ಬಿಸಿಲಿಗೆ ಹಾಕಿ ಡಬ್ಬಿಗೆ ತುಂಬುವುದು. "ನೀನೂ ಎಣ್ಣಿ ಹಚ್ಚತೀಯಲ್ಲಬೇ, ಮಿಲ್‌ನವರಿಗೇ ಯಾಕ ಬೈತೀ?" ಎಂದು ಕೇಳಿದೆ. "ನಾ ಹುಳ ಬರಬಾರದಂತ ಹಚ್ಚತೀನಿ. ಹಚ್ಚಿದ್ದು ನನಗ ಗೊತ್ತದ, ತೊಳದು ಬೇಯಸ್ತೀನಿ. ಅಂಗಡ್ಯಾಗಿಂದಕ್ಕ ಏನು ಹಚ್ಚ್ಯಾರ ಯಾರಿಗೆ ಗೊತ್ತದ?" ಅಂದಳು.

ಸಂಜೆ ಮೂರು ಬಟ್ಟಲಲ್ಲಿ ಮೂರು ಬಗೆಯ ಬೇಳೆ ಹಾಕಿ ನೀರು ಸುರಿದೆವು. ಪಾಲಿಶ್ ಕಾಣದ ಬೇಳೆಯ ನೀರು ಹಿಟ್ಟಿನಿಂದ ದಪ್ಪಗೆ ಕದಡಿತು. ಒಣ ಪಾಲಿಶ್‌ನದ್ದು ತೆಳ್ಳಗೆ ಕದಡಿ ಬೇಗ ತಿಳಿಯಾಯಿತು. ನೀರು-ಎಣ್ಣೆಯದ್ದರಲ್ಲಿ ಮೇಲೆ ಸಣ್ಣ ಸಣ್ಣ ಜಿಡ್ಡಿನ ಚಕ್ರಗಳು ತೇಲಿದವು. ಮೂರನ್ನೂ ಬೇಯಿಸಿ ಬರೀ ಉಪ್ಪು, ಅರಿಶಿನ ಹಾಕಿ ಕಟ್ಟು ಮಾಡಿದೆವು. ಬೆಂದ ಮೇಲೆ ಹೊಳಪಿನ ಗುರುತು ಯಾವುದರಲ್ಲೂ ಇರಲಿಲ್ಲ. ಗಿರಾಕಿ ದುಡ್ಡು ಕೊಟ್ಟು ತಂದ ಮೆರುಗು ಮೊದಲ ತೊಳೆನೀರಿನ ಜೊತೆ ಮೋರಿಗೆ ಹೋಗುತ್ತದೆ.

22 ಫೆಬ್ರವರಿ, ಶನಿವಾರ

ನೀರು, ಎಣ್ಣೆಗಿಂತ ಕೆಟ್ಟ ದಾರಿಗಳೂ ಈ ಧಂದೆಯಲ್ಲಿ ಇವೆ, ಅವನ್ನೂ ಬರೆದಿಡುತ್ತೇನೆ. ಬಳಪದ ಕಲ್ಲಿನ ಪುಡಿಯಲ್ಲಿ ತಿಕ್ಕಿದರೆ ಬೇಳೆ ನುಣುಪಾಗಿ ಮಿನುಗುತ್ತದೆ. ಅದು ತಿನ್ನುವ ವಸ್ತುವಲ್ಲ, ಆ ಕಲ್ಲಿನಲ್ಲಿ ಕಲ್ನಾರಿನ ಎಳೆ ಬೆರೆತಿರುವ ಅಪಾಯವೂ ಉಂಟು. ಇನ್ನು ಬಣ್ಣ. ಬೇಳೆಕಾಳಿಗೆ ಯಾವ ಕೃತಕ ಬಣ್ಣವನ್ನೂ ಹಾಕುವಂತಿಲ್ಲ. ಮೆಟಾನಿಲ್ ಯೆಲ್ಲೋ ಬಟ್ಟೆ, ಚರ್ಮಕ್ಕೆ ಹಾಕುವ ಬಣ್ಣ, ಯಾವ ಆಹಾರಕ್ಕೂ ಅದಕ್ಕೆ ಪರವಾನಗಿಯಿಲ್ಲ. ಬೇಳೆ ನೆನೆಸಿದ ನೀರಿಗೆ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ ಬಿಟ್ಟಾಗ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ಇದೆಯೆಂದು ಅನುಮಾನಿಸಬೇಕು. ಶಾಲೆಯ ಪ್ರಯೋಗಾಲಯದಲ್ಲಿ ಮೇಷ್ಟ್ರು ಮಕ್ಕಳಿಗೆ ಇದನ್ನು ಮಾಡಿ ತೋರಿಸಬೇಕು.

ಈ ಕಲಬೆರಕೆಯನ್ನು ಮಾಡುವವರು ಕೆಲವರು. ಆದರೆ ಹೊಳೆಯದ ಬೇಳೆ ಬೇಡವೆನ್ನುವ ರೂಢಿಯನ್ನು ಬೆಳೆಸಿದವರು ನಾವೆಲ್ಲ, ಮಾರುವವರೂ ಕೊಳ್ಳುವವರೂ ಸೇರಿ. ಕೊಳ್ಳುವವರ ಕಣ್ಣು ಹೊಳಪಿಗೆ ಒಗ್ಗಿಹೋದ ಮೇಲೆ ಅದನ್ನು ಅಗ್ಗದಲ್ಲಿ ಕೊಡುವವನು ಹುಟ್ಟಿಯೇ ಹುಟ್ಟುತ್ತಾನೆ.

8 ಮಾರ್ಚ್, ಶನಿವಾರ

ಹೈದರಾಬಾದಿನ ಹತ್ತಿರದ ಪಟಾಂಚೆರುವಿನಲ್ಲಿ ಇಕ್ರಿಸ್ಯಾಟ್ ಎಂಬ ಬೆಳೆ ಸಂಶೋಧನಾ ಸಂಸ್ಥೆ ಇದೆ. ತೊಗರಿ ಅಲ್ಲಿನ ಮುಖ್ಯ ಬೆಳೆಗಳಲ್ಲಿ ಒಂದು. ಅಲ್ಲಿನ ಸಂಶೋಧಕರು ಬೇಳೆಯ ಮೈಯನ್ನು ಪದರ ಪದರವಾಗಿ ಸವೆಸಿ ಪರೀಕ್ಷಿಸಿದ್ದರು. ಸವೆದಷ್ಟೂ ಪ್ರೋಟೀನ್, ಕ್ಯಾಲ್ಸಿಯಂ, ಕಬ್ಬಿಣದಂಶ ಪುಡಿಯ ಜೊತೆ ಹೋಗುತ್ತದೆ, ಹೊರಪದರದಲ್ಲೇ ಅವು ಹೆಚ್ಚು ಎಂಬುದು ಅದರ ಸಾರ. ಮಾಂಸ, ಮೊಟ್ಟೆ ಮುಟ್ಟದ ಮನೆಗೆ, ದಿನಕ್ಕೊಂದು ಹೊತ್ತು ಬ್ಯಾಳಿ-ರೊಟ್ಟಿಯಲ್ಲೇ ಕಳೆಯುವ ಕೂಲಿಯವರ ಮನೆಗೆ ಈ ಹೊರಪದರ ಬಹಳ ದೊಡ್ಡದು. ನಮ್ಮ ಚುನ್ನಿ ತಿಂದ ಎಮ್ಮೆ ಚೆನ್ನಾಗಿ ಹಾಲು ಕೊಡುತ್ತದೆ, ಅದು ಸಂತೋಷವೇ. ಆದರೆ ಮಗುವಿನ ಪಾಲಿನದ್ದನ್ನು ತಿಕ್ಕಿ ಎಮ್ಮೆಗೆ ಹಾಕುವ ಅಗತ್ಯವಿಲ್ಲ.

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಎಷ್ಟೋ ವರ್ಷಗಳ ಹಿಂದೆಯೇ ಬೇರೆ ದಾರಿ ತೋರಿಸಿದೆ. ಎಣ್ಣೆಯ ಬದಲು ಬಿಸಿಗಾಳಿ. ಕಾಳನ್ನು ಬಿಸಿ ಮಾಡಿ, ರಾಶಿಯಲ್ಲಿ ಹದಕ್ಕೆ ಬಿಟ್ಟರೆ ಅಂಟು ಸಡಿಲಾಗುತ್ತದೆ, ಬಿಸಿಲಿಗಾಗಿ ಕಾಯಬೇಕಿಲ್ಲ, ನೂರಕ್ಕೆ 80ರ ಆಸುಪಾಸು ಬೇಳೆ ಸಿಗುತ್ತದೆ. ನಮ್ಮಂಥ ಸಣ್ಣ ಮಿಲ್ಲಿಗೆ ಆ ಬಂಡವಾಳ ಇವತ್ತೇ ಕೂಡಿಬರದು. ಆದರೆ ನಳ ಮುಚ್ಚಲು ಬಂಡವಾಳ ಬೇಕಿಲ್ಲ.

17 ಮಾರ್ಚ್, ಸೋಮವಾರ

ಶರಣಬಸವೇಶ್ವರರ ಜಾತ್ರೆ ಹತ್ತಿರವಾಗಿದೆ, ಊರೆಲ್ಲ ತಯಾರಿ. ಹಮಾಲರು ಅರ್ಧಕ್ಕರ್ಧ ರಜೆ ಕೇಳಿದ್ದಾರೆ. ಅದಕ್ಕೂ ಮೊದಲು ಒಂದು ಲಾರಿ ಮಾಲು ಕಳಿಸಬೇಕು. ಕಾಕಾ ಈ ಲಾರಿಯನ್ನು ಒಣ ಪಾಲಿಶ್‌ನಲ್ಲೇ ಕಳಿಸಲು ಒಪ್ಪಿದ್ದಾರೆ. ಹುಬ್ಬಳ್ಳಿಯ ಅಂಗಡಿಯವರೊಬ್ಬರು ತಾವಾಗಿ ಕೇಳಿದ್ದು ನೆವವಾಯಿತು.

ಮಿಸ್ತ್ರಿ ಬೆಳಿಗ್ಗೆ ಸವೆದ ನೈಲಾನ್ ಹಗ್ಗ ಬಿಚ್ಚಿ ಹೊಸದು ಸುತ್ತಿದರು. ಹಗ್ಗ ಬಿಗಿಯಾದರೆ ಬೇಳೆಯ ಮೂಲೆ ಮುರಿದು ನುಚ್ಚು ಹೆಚ್ಚು, ಸಡಿಲಾದರೆ ಹಿಟ್ಟು ಬಿಡದು. ವೇಗ ಇಳಿಸಿ, ಒಂದು ತೊಟ್ಟಿಯನ್ನು ತಪ್ಪಿಸಿ ಬೇಳೆ ಬಿಟ್ಟರು. ಬಣ್ಣ ನೋಡಿ ಆರಿಸುವ ಸಾರ್ಟೆಕ್ಸ್ ಯಂತ್ರದಲ್ಲಿ ಕಪ್ಪು ಕಾಳು, ಸಿಪ್ಪೆ ಉಳಿದದ್ದು ಚಿಮ್ಮಿ ಬೇರೆಯಾದವು. ಚೀಲಕ್ಕೆ ಬಿದ್ದ ಬೇಳೆಯಲ್ಲಿ ಒಂದೇ ಬಣ್ಣವಿರಲಿಲ್ಲ: ಕೆಲವು ಕೆನೆ, ಕೆಲವು ಹಳದಿ, ಒಂದೊಂದರ ಬೆನ್ನಿನ ಮೇಲೆ ಸಿಪ್ಪೆಯ ಕೆಂಪು ಗೀರು. ಹೊಲದಲ್ಲಿ ಬೆಳೆದದ್ದು ಹೀಗೇ ಇರಬೇಕು.

29 ಮಾರ್ಚ್, ಶನಿವಾರ

ನಾಳೆ ಯುಗಾದಿ. ಹೊಸ ಚೀಲದ ಮೇಲೆ ಏನು ಅಚ್ಚು ಹಾಕಿಸಬೇಕೆಂದು ರಾತ್ರಿ ಕಾಕಾ, ನಾನು ಕೂತು ಮಾತಾಡಿದೆವು. ಎಲ್ಲರ ಹಾಗೆ "ಅನ್‌ಪಾಲಿಶ್ಡ್" ಎಂದು ಹಾಕಿಸೋಣ, ಅದಕ್ಕೆ ಭಾವವೂ ಜಾಸ್ತಿ ಎಂದು ಕಾಕಾ ಅಂದರು. ನಾನು ಒಪ್ಪಲಿಲ್ಲ. ಹಿಟ್ಟು ತೆಗೆಯಲು ತಿಕ್ಕಿದ್ದೇವೆ. ಸಿಪ್ಪೆ ಬಿಡಿಸಲು ಕಾಳಿಗೆ ಎಣ್ಣೆ ಸವರಿದ್ದೇವೆ. ಅದರ ಬಹುಪಾಲು ಸಿಪ್ಪೆಯ ಜೊತೆ ಹೋದರೂ ಸವರಿದ್ದು ನಿಜ. ಎಣ್ಣೆಯನ್ನೇ ಮುಟ್ಟಿಲ್ಲವೆಂದು ಬರೆದರೆ ಹೊಳಪು ಮಾರಿದವರಿಗೂ ನಮಗೂ ವ್ಯತ್ಯಾಸ ಉಳಿಯದು.

ಕೊನೆಗೆ ಒಪ್ಪಿದ ಸಾಲುಗಳು ಇವು: ಕಲಬುರಗಿ ಜಿಲ್ಲೆಯ ತೊಗರಿ, 2024-25ರ ಬೆಳೆ. ಸಿಪ್ಪೆ ಬಿಡಿಸಲು ಕಾಳಿಗೆ ಖಾದ್ಯ ಎಣ್ಣೆ ಸವರಿದೆ. ಒಡೆದ ಬೇಳೆಯನ್ನು ಒಣದಾಗಿ ಒರೆಸಿದೆ. ಬೇಳೆಗೆ ನೀರು, ಎಣ್ಣೆ, ಪುಡಿ, ಬಣ್ಣ ಏನನ್ನೂ ಹಚ್ಚಿಲ್ಲ.

ಪ್ರತಿ ಮಿಲ್ಲೂ ತನ್ನ ಚೀಲದ ಮೇಲೆ ಇಷ್ಟು ಬರೆಯಲಿ. ತಿಕ್ಕಿದ್ದರೆ ತಿಕ್ಕಿದ್ದೇವೆ, ಹಚ್ಚಿದ್ದರೆ ಏನು ಹಚ್ಚಿದ್ದೇವೆ ಎಂದು ಹೇಳಲಿ. ಬೇಳೆ ಕೊಳ್ಳುವವರೂ ಅಂಗಡಿಯಲ್ಲಿ ಮಿನುಗುವ ಕಾಳು ಕಂಡಾಗ ಒಂದು ಮಾತು ಕೇಳಲಿ: ಇದಕ್ಕೆ ಏನು ಹಚ್ಚಿದ್ದೀರಿ? ಕೇಳುವವರು ಹೆಚ್ಚಾದರೆ ಮಿಲ್ಲಿನ ನಳಗಳು ತಾವಾಗಿಯೇ ಮುಚ್ಚುತ್ತವೆ.