ಗಿಟಾರಿನ ನಾದ ಎಲ್ಲಿದೆ? ಕೆಲವು ಟಿಪ್ಪಣಿಗಳು

ಮರ

ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಗಾಳಿಯ ಸದ್ದನ್ನು ಹಿಡಿಯುವ ಮೈಕ್ ಅಲ್ಲ. ಅದು ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಮೇಲಿನ ಉಕ್ಕಿನ ತಂತಿ ಅಲುಗಿದಾಗ ಕಾಂತಕ್ಷೇತ್ರ ಕದಲುತ್ತದೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಇಷ್ಟರಲ್ಲಿ ಮರಕ್ಕೇನು ಕೆಲಸ? ಆದರೂ ವಾದಕರ ಮಾತು ಮೊದಲು ಹೋಗುವುದು ಮರದ ಕಡೆಗೇ: ಆ್ಯಶ್ ಮರದ ಸ್ವರ ಹೊಳೆಯುತ್ತದೆ, ಮಹಾಗನಿಯದು ಬೆಚ್ಚಗಿರುತ್ತದೆ.

ಅಮೆರಿಕದ ಗಿಟಾರ್ ವಾದಕ ಜಿಮ್ ಲಿಲ್ ಒಂದು ಪ್ರಯೋಗ ಮಾಡಿ ತೋರಿಸಿದರು. ಒಡಲೂ ಇಲ್ಲ, ಕತ್ತೂ ಇಲ್ಲ. ತಂತಿಗಳನ್ನು ಬರೀ ಗಾಳಿಯಲ್ಲಿ ಬಿಗಿದು, ಕೆಳಗೆ ಪಿಕಪ್ ಹಿಡಿಸಿ ನುಡಿಸಿದರು. ಕೇಳಿದರೆ ಒಳ್ಳೆಯ ಟೆಲಿಕಾಸ್ಟರ್ ಗಿಟಾರ್ ನುಡಿದ ಹಾಗೇ ಇದೆ! ಮರದ ಪಾತ್ರ ಸೊನ್ನೆ ಎಂದು ಇದರಿಂದ ತೀರ್ಮಾನಿಸಲಾರೆ. ಆದರೆ ನಾವು ಹುಡುಕುವ ದೊಡ್ಡ ವ್ಯತ್ಯಾಸ ಬೇರೆಲ್ಲೋ ಇದೆ ಎಂಬುದಂತೂ ಖಾತ್ರಿಯಾಯಿತು.

ಬೀಟೆ

ಫೆಂಡರ್, ಗಿಬ್ಸನ್ ಗಿಟಾರುಗಳ ಕತ್ತಿನ ಮೇಲಿನ ಕಪ್ಪುಗೆಂಪು ಪಟ್ಟಿ ಎಷ್ಟೋ ಸಲ ಭಾರತದ ರೋಸ್‌ವುಡ್. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆಯೂ ಅದೇ ಮರ. 2017ರಲ್ಲಿ ಈ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಬಂದಾಗ ಗಿಟಾರ್ ಲೋಕ ಗಾಬರಿಗೊಂಡಿತ್ತು. ಪೂರ್ತಿ ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಬೀಟೆಯ ಮೇಲೆ ಬೆರಳಾಡಿಸುವ ಸುಖ ನಿಜ. ಆ ಸುಖವೇ ಕಿವಿಗೆ ಸ್ವರವಾಗಿ ಕೇಳುತ್ತಿದೆಯೋ ಏನೋ ಎಂಬ ಗುಮಾನಿ ನನಗಿದೆ.

ಸ್ಕ್ರೂ

ಬೆಂಗಳೂರಿನಲ್ಲಿ ಗಿಟಾರ್ ರಿಪೇರಿ ಮಾಡುವ ಗೆಳೆಯನ ಮೇಜು. "ಅಣ್ಣಾ, ಸೌಂಡ್ ತುಂಬ ಮಂಕು, ಪಿಕಪ್ ಚೇಂಜ್ ಮಾಡ್ಬಿಡಿ" ಅಂತ ಒಬ್ಬ ಹುಡುಗ ಬಂದ. ಗೆಳೆಯ ಆಂಪ್ ಹಚ್ಚಿ, ಸ್ಕ್ರೂಡ್ರೈವರಿನ ತುದಿಯಿಂದ ಒಂದೊಂದೇ ಪಿಕಪ್ಪನ್ನು ತಟ್ಟಿದ. ಟಕ್, ಟಕ್, ಟಕ್, ಮೂರೂ ಜೀವಂತ. "ಮೊದ್ಲು ತಂತಿ ಬದಲಾಯ್ಸೋಣ ಮರಿ, ಆಮೇಲೆ ಮಿಕ್ಕಿದ್ದು" ಎಂದ. ತುಕ್ಕು ಹಿಡಿದ ತಂತಿ ತೆಗೆದು ಹೊಸದು ಹಾಕಿ, ಬ್ರಿಡ್ಜ್ ಪಕ್ಕದ ಪಿಕಪ್ಪಿನ ಎರಡು ಸ್ಕ್ರೂಗಳನ್ನು ತುಸು ತಿರುವಿ ಮೇಲೆತ್ತಿದ. ಮಂಕು ಹರಿಯಿತು. ಇನ್ನೂ ಎತ್ತಿ ತೋರಿಸಿದ: ಮೇಲಿನ ಮನೆಗಳಲ್ಲಿ ದಪ್ಪ ತಂತಿ ವಿಚಿತ್ರವಾಗಿ ತೊನೆಯತೊಡಗಿತು, ಶ್ರುತಿಗೆ ಕೂರಲೇ ಇಲ್ಲ. ಅಯಸ್ಕಾಂತ ತೀರ ಹತ್ತಿರವಾಗಿ ತಂತಿಯನ್ನೇ ಎಳೆಯುತ್ತಿತ್ತು. ತಂಬೂರಿಯ ಕುದುರೆಯ ಮೇಲೆ ಜೀವಾಳದ ದಾರ ಕೂದಲೆಳೆಯಷ್ಟು ಸರಿದರೆ ಝೇಂಕಾರವೇ ಬೇರೆಯಾಗುವ ಹಾಗೆ, ಇಲ್ಲೂ ಲೆಕ್ಕ ಮಿಲಿಮೀಟರಿನದು. ಖರ್ಚಾದದ್ದು ಒಂದು ಸೆಟ್ ತಂತಿ ಮಾತ್ರ.

ಕೇಬಲ್

ಗಿಟಾರಿನಿಂದ ಆಂಪ್‌ಗೆ ಹೋಗುವ ಕೇಬಲ್ ಕೂಡ ವಾದ್ಯದ ಭಾಗವೇ ಎಂಬುದು ನನಗೆ ಈಗಲೂ ಬೆರಗು. ಪ್ರತಿ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಕೆಪಾಸಿಟೆನ್ಸ್ ಅದರಲ್ಲಿ ಅಡಗಿರುತ್ತದೆ. ಕೇಬಲ್ ಉದ್ದವಾದಷ್ಟೂ ಪಿಕಪ್ಪಿನ ಅನುರಣನದ ಆವರ್ತನ ಕೆಳಗಿಳಿಯುತ್ತದೆ, ಹೊಳಪು ಕುಗ್ಗುತ್ತದೆ. ವಾಲ್ಯೂಮ್ ಪಾಟ್ ಕೂಡ ಹೀಗೇ: ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್‌ಗೆ ಸಾಮಾನ್ಯವಾಗಿ 250 ಕಿಲೋಓಮ್, ಎರಡು ಸುರುಳಿಯ ಹಂಬಕರ್‌ಗೆ 500. ಅದಲುಬದಲು ಮಾಡಿದರೆ ಒಂದು ಕಿವಿ ಚುಚ್ಚುತ್ತದೆ, ಇನ್ನೊಂದು ಮಬ್ಬಾಗುತ್ತದೆ. ಇವು ಅಗ್ಗದ ಬಿಡಿಭಾಗಗಳು. 1950ರ ದಶಕದ ಹಳೆಯ ಕೆಪಾಸಿಟರ್‌ಗೆ ದುಡ್ಡು ಸುರಿಯುವವರು ಕೇಬಲಿನ ಉದ್ದ ಅಳೆಯುವುದಿಲ್ಲವಲ್ಲ, ಯಾಕೆ?

ಗುಂಯ್

ಸಿಂಗಲ್ ಕಾಯಿಲ್ ಪಿಕಪ್ ತಂತಿಯ ಕಂಪನದ ಜೊತೆಗೆ ಮನೆಯ ಕರೆಂಟಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಅಮೆರಿಕದಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. ಗಿಬ್ಸನ್‌ನ ಸೆತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಹಂಬಕರ್ ಇದಕ್ಕೆ ಪರಿಹಾರ: ಎರಡು ಸುರುಳಿ, ಸುತ್ತು ಎದುರುಬದುರು, ಅಯಸ್ಕಾಂತದ ಧ್ರುವವೂ ಎದುರುಬದುರು. ಗುಂಯ್ ಒಂದನ್ನೊಂದು ಅಳಿಸಿಕೊಳ್ಳುತ್ತದೆ, ತಂತಿಯ ಸ್ವರ ಕೂಡಿಕೊಳ್ಳುತ್ತದೆ. ಆದರೆ ಗುಂಯ್ ಜೊತೆಗೆ ಆ ಗಾಜಿನಂಥ ಹೊಳಪೂ ಒಂದಿಷ್ಟು ಹೋಗುತ್ತದೆ. ಅದಕ್ಕೇ ಸಿಂಗಲ್ ಕಾಯಿಲಿನ ಸ್ಟ್ರ್ಯಾಟೊಕಾಸ್ಟರ್ ಗಿಟಾರಿನ ಪ್ರಿಯರು ಇವತ್ತಿಗೂ ಆ ಗುಂಯ್ ಸದ್ದನ್ನು ಸಹಿಸಿಕೊಂಡಿದ್ದಾರೆ.

ದೋಷ

ಫ್ಲೀಟ್‌ವುಡ್ ಮ್ಯಾಕ್ ತಂಡದ ಪೀಟರ್ ಗ್ರೀನ್ ನುಡಿಸುತ್ತಿದ್ದ 1959ರ ಗಿಬ್ಸನ್ ಲೆಸ್ ಪಾಲ್‌ ಗಿಟಾರಿನಲ್ಲಿ ಕತ್ತಿನ ಬದಿಯ ಪಿಕಪ್ಪಿನ ಅಯಸ್ಕಾಂತ ತಿರುಗುಮುರುಗಾಗಿತ್ತು. ಎರಡೂ ಪಿಕಪ್ ಒಟ್ಟಿಗೆ ಹಾಕಿದರೆ ಸ್ವರ ಟೊಳ್ಳಾಗಿ, ಮೂಗಿನಿಂದ ಬಂದಂತೆ ಕೇಳುತ್ತದೆ. ಕಾರ್ಖಾನೆಯ ಲೆಕ್ಕದಲ್ಲಿ ಅದು ತಪ್ಪು ಜೋಡಣೆ. ಈಗ ಅದೇ ಸ್ವರ ಬೇಕೆಂದು ಜನ ಬೇಕಂತಲೇ ಅಯಸ್ಕಾಂತ ತಿರುಗಿಸುತ್ತಾರೆ.

ಸ್ಟ್ರ್ಯಾಟೊಕಾಸ್ಟರಿನ ಕಥೆಯೂ ಇದೇ. 1954ರಲ್ಲಿ ಬಂದಾಗ ಅದರ ಸ್ವಿಚ್ಚಿಗೆ ಮೂರೇ ಸ್ಥಾನ. ವಾದಕರು ಸ್ವಿಚ್ಚನ್ನು ಎರಡು ಸ್ಥಾನಗಳ ನಡುವೆ ಸಿಕ್ಕಿಸಿ ಎರಡೆರಡು ಪಿಕಪ್ ಕೂಡಿಸಿಕೊಂಡರು. ಫೆಂಡರ್ ಐದು ಸ್ಥಾನದ ಸ್ವಿಚ್ ಕೊಟ್ಟದ್ದು 1977ರಲ್ಲಿ. ಒಳ್ಳೆಯ ಸ್ವರವನ್ನು ಕಾರ್ಖಾನೆಗಿಂತ ಮೊದಲು ಕಂಡುಕೊಂಡದ್ದು ನುಡಿಸುವವರ ಕೈ, ಕಿವಿ. ಗಿಬ್ಸನ್ ಗಿಟಾರಿನ ಹಂಬಕರನ್ನು ಸ್ಟ್ರ್ಯಾಟೊಕಾಸ್ಟರ್ ಮಾದರಿಯ ಒಡಲಿಗೆ ಕೂರಿಸಿದ ಎಡ್ಡಿ ವ್ಯಾನ್ ಹೇಲನ್, ತಂದೆಯ ಜೊತೆ ಕೂತು ಹಳೆಯ ಅಗ್ಗಿಷ್ಟಿಕೆಯ ಮರದಿಂದ ಕತ್ತು ಕೆತ್ತಿದ ಬ್ರಿಯಾನ್ ಮೇ, ಇಬ್ಬರು ವಾದಕರೂ ಇದೇ ದಾರಿಯವರು. ತಮಗೆ ಏನು ಕೇಳಬೇಕು ಎಂಬುದು ಅವರಿಗೆ ಗೊತ್ತಿತ್ತು. ವಾದ್ಯವನ್ನು ಅದಕ್ಕೆ ತಕ್ಕಂತೆ ಬಗ್ಗಿಸಿದರು.

ಹೋಲಿಕೆ

ಎರಡು ಗಿಟಾರ್ ಪಕ್ಕಪಕ್ಕ ಇಟ್ಟು ಕೇಳಿದಾಗ ಜೋರಾಗಿರುವುದೇ ಚೆನ್ನಾಗಿರುವಂತೆ ಕೇಳುತ್ತದೆ. ಕಿವಿಯ ಸ್ವಭಾವವೇ ಹಾಗೆ. ಆದ್ದರಿಂದ ಸದ್ದಿನ ಮಟ್ಟ ಸಮ ಮಾಡದೆ ಮಾಡಿದ ಹೋಲಿಕೆ ಹೋಲಿಕೆಯಲ್ಲ. ತಂತಿಯ ದಪ್ಪ, ವಯಸ್ಸು, ಪಿಕಪ್ಪಿನ ಎತ್ತರ, ಕೇಬಲ್ ಎಲ್ಲವೂ ಒಂದೇ ಇರಬೇಕು. ನೋಡದೆ ಕೇಳಿದರೆ ಇನ್ನೂ ಒಳ್ಳೆಯದು.

ಗಿಟಾರನ್ನು ಬಿಚ್ಚುವ ಮುನ್ನ ಇಷ್ಟು ಮಾಡಿ. ಹೊಸ ತಂತಿ ಹಾಕಿ, ಪಿಕಪ್ಪಿನ ಎತ್ತರ ಹೊಂದಿಸಿ, ಗಿಡ್ಡ ಕೇಬಲ್ ಹಚ್ಚಿ, ಟೋನ್ ನಾಬ್ ತಿರುವಿ ನೋಡಿ. ಆಮೇಲೂ ತೃಪ್ತಿ ಆಗದಿದ್ದರೆ ಬೆಸುಗೆ ಕಡ್ಡಿ ಕಾಯಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ತೆಗೆದ ಭಾಗವನ್ನು ಜೋಪಾನವಾಗಿ ಎತ್ತಿಡಿ. ಮರಕ್ಕೆ ಉಳಿ ಹಾಕುವ ಕೆಲಸ ಎಲ್ಲಕ್ಕಿಂತ ಕಡೆಗಿರಲಿ. ಕೊರೆದ ಮರ ಮತ್ತೆ ಕೂಡುವುದಿಲ್ಲ.