ಕುರ್ಲಾದ ಗಲ್ಲಿಯಲ್ಲಿ ಕಲಿತ ಎಣ್ಣೆ ಪಾಠ



ಕುರ್ಲಾ ಸ್ಟೇಷನ್ನಿನಲ್ಲಿ ಪಶ್ಚಿಮಕ್ಕೆ ಇಳಿದು, ರಿಕ್ಷಾಗಳ ಗದ್ದಲ ದಾಟಿ ಸಿ.ಎಸ್.ಟಿ. ರಸ್ತೆಯ ಕಡೆ ನಡೆದರೆ ಹಳೆಯ ಗಾಡಿಗಳ ಬಿಡಿಭಾಗಗಳ ಲೋಕವೇ ಎದುರಾಗುತ್ತದೆ. ಬಾಗಿಲು, ಬಂಪರು, ಗೇರ್‌ಬಾಕ್ಸ್ ಎಲ್ಲವೂ ಅಲ್ಲಿ ರಾಶಿ ರಾಶಿ. ನಿಮ್ಮಲ್ಲಿ ಹೆಚ್ಚಿನವರು ಮೂಗು ಮುಚ್ಚಿ ದಾಟುವ ಜಾಗವದು. ಆದರೆ ಕುರ್ಲಾಕ್ಕೂ ಕನ್ನಡಿಗರಿಗೂ ಒಂದು ಹಳೆಯ ನಂಟಿದೆ. ಭಾರತದಲ್ಲೇ ಮೋಟಾರು ತಯಾರಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ರೂಪಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದಕ್ಕೆ ಕೈಗೂಡಿಸಿದರು. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ತೆರೆಯುವ ಯತ್ನಕ್ಕೆ ಬ್ರಿಟಿಷ್ ಸರಕಾರದ ಬೆಂಬಲ ಸಿಗಲಿಲ್ಲ. ಕೊನೆಗೆ 1944ರಲ್ಲಿ ವಾಲ್‌ಚಂದರ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು, ಅದರ ಕಾರ್ಖಾನೆ ಬಂದದ್ದು ಇದೇ ಕುರ್ಲಾಕ್ಕೆ. ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಮನೆಮಾತಾದ ಕಾರು ತಯಾರಾದದ್ದೂ ಇಲ್ಲಿಯೇ.

ನನ್ನ ಬಳಿಯೂ ಅಂಥದೊಂದು ಪದ್ಮಿನಿ ಇತ್ತು. ಸೆಕೆಂಡ್ ಹ್ಯಾಂಡ್ ಗಾಡಿ, ಲಕ್ಷ ಕಿಲೋಮೀಟರು ದಾಟಿತ್ತು. 1994ರ ಮೇ ತಿಂಗಳಲ್ಲಿ ಊರಿನಲ್ಲಿ, ಕುಂದಾಪುರದ ಹತ್ತಿರ, ತಂಗಿಯ ಮದುವೆ. ಕೊಂಕಣ ರೈಲು ಪೂರ್ತಿಯಾಗಿ ತೆರೆದುಕೊಂಡದ್ದು 1998ರಲ್ಲಿ. ಆಗ ನಮಗೆ ಬಸ್ಸೇ ಗತಿ. ಮೇ ತಿಂಗಳಲ್ಲಿ ಬಸ್ಸಿನ ಟಿಕೇಟು ಸಿಗುವುದೆಂದರೆ ಲಾಟರಿ ಹೊಡೆದಂತೆ. ಅಮ್ಮ, ಹೆಂಡತಿ, ಮಕ್ಕಳು, ಮದುಮಗಳ ಸೀರೆಯ ಪೆಟ್ಟಿಗೆ ಎಲ್ಲವನ್ನೂ ಕಾರಿನಲ್ಲೇ ಒಯ್ಯುವುದೆಂದು ನಿಶ್ಚಯಿಸಿದೆ. ಆದರೆ ಕಾರು ಎಣ್ಣೆ ಕುಡಿಯುತ್ತಿತ್ತು! ವಾರಕ್ಕೆ ಅರ್ಧ ಲೀಟರು ಇಂಜಿನ್ ಆಯಿಲ್ ಎಲ್ಲಿಗೋ ಮಾಯ. ಹತ್ತಿರದ ಗ್ಯಾರೇಜಿನವನು ಒಮ್ಮೆ ಇಣುಕಿ ನೋಡಿ, "ಇಂಜಿನ್ ಬೋರ್ ಮಾಡಬೇಕು, ಇಪ್ಪತ್ತು ದಿನ" ಎಂದುಬಿಟ್ಟ. ಖರ್ಚು ನನ್ನ ಎರಡು ತಿಂಗಳ ಸಂಬಳ. ಮದುವೆಗೆ ಉಳಿದದ್ದು ಹನ್ನೆರಡೇ ದಿನ.

ಆಗ ನೆನಪಾದವರು ಕುರ್ಲಾದ ಗಲ್ಲಿಯೊಂದರಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದ ನಮ್ಮೂರ ಕಡೆಯವರೊಬ್ಬರು. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ನನ್ನ ಗೋಳು ಕೇಳಿ ನಕ್ಕರು. "ಮಾರಾಯಾ, ಎಣ್ಣೆ ಹೋಗಲಿಕ್ಕೆ ಮೂರೇ ದಾರಿ. ಹೊರಗೆ ಸೋರಬೇಕು, ಒಳಗೆ ಉರಿಯಬೇಕು, ಇಲ್ಲದಿದ್ದರೆ ನೀರಿಗೆ ಸೇರಬೇಕು. ಯಾವ ದಾರಿ ಅಂತ ನೋಡದೆ ಇಂಜಿನ್ ಬಿಚ್ಚುವುದಾ? ಇವತ್ತು ರಾತ್ರಿ ಗಾಡಿಯಡಿಗೆ ಹಳೆ ಪೇಪರು ಹಾಸಿ ಮಲಗು" ಎಂದರು.

ಹಾಸಿದೆ. ಟಯರುಗಳು ನಿಂತ ಜಾಗವನ್ನೂ ಪೇಪರಿನ ಮೇಲೆ ಗುರುತು ಹಾಕಿದೆ. ಬೆಳಿಗ್ಗೆ ನೋಡಿದರೆ ಕಂದುಕಪ್ಪು ಚುಕ್ಕೆಗಳು. ಚುಕ್ಕೆ ಬಿದ್ದ ಜಾಗವೇ ಅರ್ಧ ಉತ್ತರ ಹೇಳುತ್ತದೆ ಎಂದು ಅಣ್ಣ ವಿವರಿಸಿದರು. ಇಂಜಿನ್ನಿನ ಮುಂಭಾಗದಡಿ ಬಿದ್ದರೆ ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲಿನ ಮೇಲೆ ಅನುಮಾನ. ನಡುವೆ ಬಿದ್ದರೆ ಚೇಂಬರಿನ ಪ್ಯಾಕಿಂಗು ಅಥವಾ ಎಣ್ಣೆ ಇಳಿಸುವ ಬೋಲ್ಟಿನ ವಾಷರು. ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ ಬಿದ್ದರೆ ಹಿಂದಿನ ಸೀಲು. ಹಸಿರು ಬಣ್ಣದ, ಸಿಹಿ ವಾಸನೆಯ ಹನಿಯಾದರೆ ಅದು ಎಣ್ಣೆಯಲ್ಲ, ರೇಡಿಯೇಟರಿನ ಕೂಲಂಟ್. ಈಗಿನ ಕಾರುಗಳಡಿ ಎ.ಸಿ.ಯ ಶುದ್ಧ ನೀರೂ ತೊಟ್ಟಿಕ್ಕುತ್ತದೆ, ಅದಕ್ಕೆ ಗಾಬರಿ ಬೇಡ.

ಅರ್ಧ ಉತ್ತರ ಮಾತ್ರ ಏಕೆಂದರೆ ಎಣ್ಣೆ ಕೆಳಗೆ ಹರಿಯುತ್ತದೆ, ಓಡುವಾಗಿನ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಹನಿ ಬಿದ್ದಲ್ಲೇ ತೂತು ಇರಬೇಕೆಂದಿಲ್ಲ. ಆದ್ದರಿಂದ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಹುಡುಕಬೇಕು. ಅಣ್ಣ ತಣ್ಣಗಾದ ಇಂಜಿನ್ನನ್ನು ಸೀಮೆಎಣ್ಣೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ, ನನ್ನ ಹೆಂಡತಿಯ ಪೌಡರ್ ಡಬ್ಬಿಯನ್ನು ಅದರ ಮೇಲೆ ಉದುರಿಸಿದರು! ಸಾಯನ್‌ವರೆಗೆ ಹೋಗಿ ಬಂದಾಗ ಬಿಳಿ ಪೌಡರಿನ ಮೇಲೆ ಕಪ್ಪು ಗೆರೆಯೊಂದು ಮೂಡಿತ್ತು. ಟ್ಯಾಪೆಟ್ ಕವರಿನ ಅಂಚಿನಿಂದ ಶುರುವಾಗಿ ಬಿಸಿ ಸೈಲೆನ್ಸರ್ ಪೈಪಿನವರೆಗೆ. ಸಿಗ್ನಲಿನಲ್ಲಿ ನಿಂತಾಗಲೆಲ್ಲ ಬರುತ್ತಿದ್ದ ಸುಟ್ಟ ವಾಸನೆಯ ಗುಟ್ಟು ಅದೇ.

ಮತ್ತೊಂದು ಗುಟ್ಟು ಬ್ರೀದರ್ ಪೈಪಿನಲ್ಲಿತ್ತು. ಹಳೆಯ ಇಂಜಿನ್ನಿನಲ್ಲಿ ಪಿಸ್ಟನ್ನಿನ ಬದಿಯಿಂದ ಸ್ವಲ್ಪ ಅನಿಲ ಚೇಂಬರಿಗೆ ನುಸುಳುವುದು ಸಹಜ. ಅದು ಹೊರಹೋಗುವ ದಾರಿ ಜಿಡ್ಡಿನಿಂದ ಕಟ್ಟಿದರೆ ಒತ್ತಡ ಏರಿ, ಎಲ್ಲ ಸೀಲುಗಳಿಂದಲೂ ಎಣ್ಣೆಯನ್ನು ಹೊರದೂಡುತ್ತದೆ. ಅದನ್ನು ಶುಚಿಮಾಡದೆ ಸೀಲು ಬದಲಿಸಿದರೆ ಹೊಸ ಸೀಲೂ ಸೋರುತ್ತದೆ.

ಇನ್ನು ಒಳಗೆ ಉರಿಯುವ ಲೆಕ್ಕ. ಅದನ್ನು ಹೇಳುವುದು ಹೊಗೆ. ನೀಲಿ ಹೊಗೆ ಎಂದರೆ ಎಣ್ಣೆ, ಕಪ್ಪು ಎಂದರೆ ಹೆಚ್ಚಾದ ಪೆಟ್ರೋಲು. ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ಟಿನಿಂದ ನೀರು ನುಗ್ಗುತ್ತಿರಬಹುದು. ನೀಲಿ ಹೊಗೆಯಲ್ಲೂ ಹೊತ್ತು ನೋಡಬೇಕು. ಆಕ್ಸಿಲೇಟರ್ ಒತ್ತಿ ಏರು ಹತ್ತುವಾಗ ಬಿಡದೆ ಬಂದರೆ ಪಿಸ್ಟನ್ ರಿಂಗಿನ ಸವೆತ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅಥವಾ ಇಳಿಜಾರಿನಲ್ಲಿ ಕಾಲು ತೆಗೆದು ಇಳಿದು ಮತ್ತೆ ಒತ್ತಿದಾಗ ಭುಸ್ಸೆಂದು ಬಂದರೆ ವಾಲ್ವ್ ಗೈಡು, ಸೀಲುಗಳದ್ದು. ಅಣ್ಣ ಪೆಡ್ಡರ್ ರೋಡಿನ ಇಳುಕಲಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಗಾಜಿನಿಂದ ನೋಡಿದರು. ಹೊಗೆ ಎರಡನೆಯ ಬಗೆಯದು. ಆಮೇಲೆ ನಾಲ್ಕೂ ಸಿಲಿಂಡರುಗಳ ಕಂಪ್ರೆಶನ್ ಅಳೆದು, ಒಂದೊಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆದರು. ರಿಂಗು ಸವೆದಿದ್ದರೆ ಎಣ್ಣೆ ಹಾಕಿದಾಗ ಅಂಕೆ ಥಟ್ಟನೆ ಏರಬೇಕಿತ್ತು, ಏರಲಿಲ್ಲ. ಬೋರಿನ ಮಾತು ಅಲ್ಲಿಗೆ ಮುಗಿಯಿತು. ಪ್ಯಾಕಿಂಗ್ ಬದಲಾಯಿತು, ಬ್ರೀದರ್ ಶುಚಿಯಾಯಿತು. "ವಾಲ್ವಿನ ಕೆಲಸ ಮದುವೆ ಮುಗಿಸಿ ಬಂದ ಮೇಲೆ. ಎರಡು ಲೀಟರು ಡಿಕ್ಕಿಯಲ್ಲಿಟ್ಟುಕೋ. ಕೆಂಪು ದೀಪ ಹತ್ತಲಿ ಎಂದು ಕಾಯಬೇಡ" ಎಂದರು.

ಈ ಕೊನೆಯ ಮಾತನ್ನು ನೀವೂ ಗಟ್ಟಿಯಾಗಿ ನೆನಪಿಡಿ. ಆ ಕೆಂಪು ದೀಪ ಹೇಳುವುದು ಎಣ್ಣೆಯ ಒತ್ತಡವನ್ನು, ಮಟ್ಟವನ್ನಲ್ಲ. ಎಣ್ಣೆ ಕಡಿಮೆಯಾಗಿ ಅದು ಹತ್ತುವ ಹೊತ್ತಿಗೆ ಅನಾಹುತ ಬಾಗಿಲಲ್ಲಿರುತ್ತದೆ. ಹತ್ತಿದರೆ ಕೂಡಲೇ ಬದಿಗೆ ನಿಲ್ಲಿಸಿ ಇಂಜಿನ್ ಬಂದ್ ಮಾಡಿ. ಮಟ್ಟ ತಿಳಿಯಲು ಡಿಪ್‌ಸ್ಟಿಕ್ಕೇ ಬೇಕು. ಗಾಡಿ ಸಮನೆಲದಲ್ಲಿರಲಿ, ಇಂಜಿನ್ ನಿಲ್ಲಿಸಿ ಹತ್ತು ನಿಮಿಷವಾಗಲಿ, ಕಡ್ಡಿ ಒರೆಸಿ ಮತ್ತೆ ಅದ್ದಿ ನೋಡಿ. ಮೇಲಿನ ಗೆರೆ ದಾಟಿ ತುಂಬಿಸುವುದೂ ತಪ್ಪೇ.

ಪೇಣ್, ಮಹಾಡ್, ಚಿಪ್ಳೂಣ್, ಸಾವಂತವಾಡಿ, ಕಾರವಾರ — ನಿಂತಲ್ಲೆಲ್ಲ ನಾನು ಬಾನೆಟ್ ಎತ್ತಿದೆ. ಕಶೇಡಿ ಘಾಟ್ ಇಳಿಯುವಾಗ ಕನ್ನಡಿಯಲ್ಲಿ ನೀಲಿ ಹೊಗೆ ಕಂಡು ಅಮ್ಮ ದೇವರ ಹೆಸರು ಹೇಳತೊಡಗಿದರು. "ಹೆದರಬೇಡಿ ಅಮ್ಮ, ಅದು ಎಲ್ಲಿಂದ ಬರುತ್ತದೆಂದು ಗೊತ್ತುಂಟು" ಎಂದೆ. ಒಂಬೈನೂರು ಕಿಲೋಮೀಟರಿಗೆ ಹತ್ತಿರದ ದಾರಿಯಲ್ಲಿ ಸುಮಾರು ಒಂದು ಲೀಟರು ಎಣ್ಣೆ ಹಾಕಿದೆ. ಮದುವೆಯ ಹಿಂದಿನ ಸಂಜೆ ಚಪ್ಪರದ ಮುಂದೆ ಗಾಡಿ ನಿಲ್ಲಿಸಿದಾಗ ತಂಗಿ ಓಡಿಬಂದು ಮೊದಲು ಕೇಳಿದ್ದು ಸೀರೆಯ ಪೆಟ್ಟಿಗೆಯನ್ನು!

ಅಣ್ಣ ಈಗಿಲ್ಲ. ಪದ್ಮಿನಿಯೂ ಇತಿಹಾಸವಾಯಿತು. ಟ್ಯಾಕ್ಸಿಗಳಿಗಿದ್ದ 20 ವರ್ಷದ ಮಿತಿಯಂತೆ, 2003ರಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ 2023ರ ಅಕ್ಟೋಬರ್ ಕೊನೆಗೆ ಮುಗಿಯಿತು. ಕುರ್ಲಾದ ಕಾರ್ಖಾನೆಯ ನೆಲದಲ್ಲಿ ವಸತಿ ಕಟ್ಟಡಗಳೆದ್ದಿವೆ. ಕಶೇಡಿಯಲ್ಲಿ ಸುರಂಗ ಬಂದಿದೆ.

ಆದರೆ ನಿಮ್ಮ ತಂದೆಯ ಒಂದೂವರೆ ಲಕ್ಷ ಕಿಲೋಮೀಟರು ಓಡಿದ ಕಾರು ಈಗಲೂ ಬಿಲ್ಡಿಂಗಿನ ಕೆಳಗೆ ನಿಂತಿರಬಹುದು. "ಇದನ್ನು ಗುಜರಿಗೆ ಕೊಡಿ ಪಪ್ಪಾ" ಎನ್ನುವ ಮೊದಲು ಒಂದು ರಾತ್ರಿ ಅದರಡಿಗೆ ಪೇಪರು ಹಾಸಿ ನೋಡಿ. ಬೆಳಿಗ್ಗೆ ಆ ಪೇಪರನ್ನು ನೀವೊಬ್ಬರೇ ನೋಡಬೇಡಿ, ಅವರನ್ನೂ ಕೆಳಗೆ ಕರೆಯಿರಿ. ಆ ಕಾರಿನಲ್ಲಿ ಅವರು ಊರಿಗೆ ಹೋದ ಕತೆಗಳೂ ಹೊರಬಂದಾವು.